ಬಯಲಾದ ಕುಡಿತ, ಬಚ್ಚಿಟ್ಟ ಚಿಕಿತ್ಸೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಒಬ್ಬನ ಕುಡಿತ ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಅವನು ಕುಡಿತಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾನೆಂಬುದು ಪಕ್ಕದ ಮನೆಗೂ ತಿಳಿಯಬಾರದೆಂದು ಮನೆಯವರು ಪಡಬಾರದ ಪಾಡು ಪಡುತ್ತಾರೆ. ಸಂತೆಯ ಸಂಜೆ ರಸ್ತೆಯ ಬದಿಗೆ ಬಿದ್ದವನನ್ನು ಎತ್ತಿ ಮನೆ ಮುಟ್ಟಿಸಿದವರು, ಉದ್ರಿ ಕೊಟ್ಟ ಅಂಗಡಿಯವರು, ರಾತ್ರಿಯ ಗಲಾಟೆಯನ್ನು ಕೇಳಿಸಿಕೊಂಡ ಕೇರಿಯವರು, ಹೀಗೆ ಎಲ್ಲರೂ ಬಲ್ಲ ಸಂಗತಿಯಲ್ಲಿ ಮುಚ್ಚಿಡುವುದಕ್ಕೆ ಇನ್ನೇನು ಉಳಿದಿದೆ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಆದರೆ ಊರು ಕುಡಿತವನ್ನು ‘ಚಟ’ವೆಂದು ಕರೆಯುತ್ತದೆ, ಮತ್ತು ಚಟವೆಂದರೆ ಮನಸ್ಸು ಮಾಡಿದರೆ ಬಿಡಬಹುದಾದ, ಮದುವೆಯಾದರೆ ಸರಿಹೋಗಬಹುದಾದ, ದೇವರ ಮುಂದೆ ಆಣೆಯಿಟ್ಟರೆ ನಿಲ್ಲಬಹುದಾದ ದೋಷ. ಅದೇ ಮನುಷ್ಯ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಚಟವು ಕಾಯಿಲೆಯಾಗುತ್ತದೆ, ಅದೂ ‘ತಲೆಗೆ ಸಂಬಂಧಪಟ್ಟ’ ಕಾಯಿಲೆಯಾಗುತ್ತದೆ, ಆಮೇಲೆ ಅದು ಅವನೊಬ್ಬನದಾಗಿ ಉಳಿಯದೆ ಅವನ ಮನೆತನಕ್ಕೆ ಅಂಟಿಕೊಳ್ಳುತ್ತದೆ.

ವ್ಯಸನಮುಕ್ತಿ ಕೇಂದ್ರದಲ್ಲಿ ರೋಗಿಯ ಮಾಹಿತಿಯನ್ನು ಕಾಯುವ ಪ್ರಶ್ನೆಯನ್ನು ಈ ವಿಚಿತ್ರ ಸ್ಥಿತಿಯಿಂದಲೇ ನೋಡಬೇಕಾಗುತ್ತದೆ. ಕಾನೂನಿನ ಭಾಷೆಯಲ್ಲಿ ಇಲ್ಲಿ ಎರಡು ಮಾತುಗಳಿವೆ: ಖಾಸಗಿತನವೆಂದರೆ ತನ್ನ ದೇಹ, ಮನಸ್ಸು ಮತ್ತು ಬದುಕಿನ ವಿವರಗಳಲ್ಲಿ ಯಾವುದನ್ನು ಯಾರಿಗೆ ಎಷ್ಟು ಹೇಳಬೇಕೆಂದು ತಾನೇ ನಿರ್ಧರಿಸುವ ವ್ಯಕ್ತಿಯ ಹಕ್ಕು, ಗೋಪ್ಯತೆಯೆಂದರೆ ನಂಬಿ ಹೇಳಿದ್ದನ್ನು ಕೇಳಿಸಿಕೊಂಡವರು ಹೊರಗೆ ಬಿಡದಿರುವ ಹೊಣೆ. ಮೊದಲನೆಯದು ರೋಗಿಯದು, ಎರಡನೆಯದು ವೈದ್ಯರು, ದಾದಿಯರು, ಆಪ್ತಸಮಾಲೋಚಕರು ಮತ್ತು ಕೇಂದ್ರದ ಕಾವಲುಗಾರನವರೆಗಿನ ಎಲ್ಲರದು. ಕಾನೂನು ಬಹುಮಟ್ಟಿಗೆ ಕಡತವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಆದರೆ ಮಲೆನಾಡಿನ ಸಣ್ಣ ಪೇಟೆಗಳಲ್ಲಿ ಗುಟ್ಟು ಕಡತದಿಂದ ಸೋರುವುದು ಕಡಿಮೆ. ಅದು ಸೋರುವುದು ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಕಟ್ಟೆಯಲ್ಲಿ, ಆಸ್ಪತ್ರೆಯ ಜಗುಲಿಯ ಸಾಲಿನಲ್ಲಿ, ಸುಗ್ಗಿಯ ರಾತ್ರಿಗಳಲ್ಲಿ ಅಡಿಕೆ ಸುಲಿಯುತ್ತ ಕೂತ ಹತ್ತಾರು ಜನರ ಮಾತಿನಲ್ಲಿ.

ಆದ್ದರಿಂದಲೇ ಇಲ್ಲಿಯವರು ಗುಟ್ಟನ್ನು ದೂರದಿಂದ ಕೊಳ್ಳುತ್ತಾರೆ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಹತ್ತಿರವಿದ್ದರೂ, ಉಳಿದೆರಡು ತಾಲ್ಲೂಕುಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳಿದ್ದರೂ, ಕುಡಿತದ ಮಾತು ಬಂದಾಗ ಯಲ್ಲಾಪುರದವರು ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಹುಬ್ಬಳ್ಳಿಯನ್ನು, ಸಿದ್ದಾಪುರದವರು ಶಿವಮೊಗ್ಗವನ್ನು, ಅನುಕೂಲವಿದ್ದವರು ಮಣಿಪಾಲ, ಮಂಗಳೂರುಗಳನ್ನು ಹುಡುಕಿಕೊಂಡು ಹೋಗುತ್ತಾರೆ, ಏಕೆಂದರೆ ಅಲ್ಲಿಯ ಹೊರರೋಗಿ ವಿಭಾಗದಲ್ಲಿ ಗುರುತಿನವರು ಎದುರಾಗುವ ಸಂಭವ ಕಡಿಮೆ. ಧಾರವಾಡದ ಹೆಸರು ಮಾತ್ರ ಇನ್ನೂ ತೊಡಕಿನದು. ಅಲ್ಲಿಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, 1845ರ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದದ್ದು. ಅದು ಇಂದು ಏನೇ ಆಗಿದ್ದರೂ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಈ ಸೀಮೆಯಲ್ಲಿ ಇನ್ನೂ ಕುಹಕವಾಗಿಯೇ ಬಳಕೆಯಲ್ಲಿದೆ. ವ್ಯಸನದ ಚಿಕಿತ್ಸೆಯಾದರೋ ಒಂದು ಸಲ ಹೋಗಿ ಮುಗಿಯುವಂಥದಲ್ಲ, ತಿಂಗಳುಗಟ್ಟಲೆ ಮರುಭೇಟಿ ಬೇಡುವಂಥದು. ಗುಟ್ಟಿಗಾಗಿ ನೂರು ಕಿಲೋಮೀಟರು ದೂರದ ಊರನ್ನು ಆರಿಸಿಕೊಂಡವನು ಎರಡನೆಯ ಅಥವಾ ಮೂರನೆಯ ಭೇಟಿಗೆ ಕೆಲಸ, ಹಣ, ಬಸ್ಸು ಎಂಬ ಕಾರಣಗಳಿಂದ ತಪ್ಪಿಸಿಕೊಳ್ಳುತ್ತಾನೆ, ಕುಡಿತ ಮರುಕಳಿಸುತ್ತದೆ, ಮತ್ತು ಊರಿಗೆ ಅದು ಅವನ ಮನೋದೌರ್ಬಲ್ಯವಾಗಿ ಮಾತ್ರ ಕಾಣುತ್ತದೆ.

ಚಿಕಿತ್ಸೆಯಿಂದ ದೂರ ಉಳಿಯುವವರ ಪ್ರಮಾಣ ದೇಶದಲ್ಲಿಯೇ ದೊಡ್ಡದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯಪಾನದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಆದರೆ ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದದ್ದಾಗಿ ಹೇಳಿದ್ದಾರೆ, ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಉಳಿದವರೆಲ್ಲ ಅಪಮಾನದ ಭಯದಿಂದಲೇ ದೂರ ಉಳಿದರೆಂದು ಹೇಳಲು ಬರುವುದಿಲ್ಲ, ಆಸ್ಪತ್ರೆಗಳ ಕೊರತೆ ಮತ್ತು ಬಡತನಗಳೂ ಕಾರಣಗಳೇ. ಆದರೂ ಗುಟ್ಟು ಉಳಿಯುತ್ತದೆಂಬ ಭರವಸೆಯಿಲ್ಲದ ಕಡೆ, ಇರುವ ಆಸ್ಪತ್ರೆಯೂ ಇಲ್ಲದಂತೆಯೇ.

ವೈದ್ಯನು ರೋಗಿಯ ಮನೆಯ ಸಂಗತಿಯನ್ನು ಹೊರಗೆ ಆಡಬಾರದೆಂಬುದು ಹಳೆಯ ಕಟ್ಟಳೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ವೈದ್ಯಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿ ಇದೂ ಒಂದು. ಅದೇ ಅಧ್ಯಾಯವು ರೋಗಿಯ ಆಯುಷ್ಯ ಕಡಿಮೆಯಿದೆಯೆಂದು ಗೊತ್ತಿದ್ದರೂ, ಆಘಾತವಾಗುವ ಕಡೆ ಅದನ್ನು ಹೇಳಬಾರದೆನ್ನುತ್ತದೆ ಎಂಬುದನ್ನೂ ಗಮನಿಸಬೇಕು. ಹಳೆಯ ಕಟ್ಟಳೆಯಲ್ಲಿ ಗುಟ್ಟು ವೈದ್ಯನ ಸದ್ಗುಣವಾಗಿತ್ತೇ ಹೊರತು ರೋಗಿಯ ಹಕ್ಕಾಗಿರಲಿಲ್ಲ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವೆಲ್ಲ ವೈದ್ಯನದು. ಅದು ರೋಗಿಯ ಕೈಗೆ ಬಂದದ್ದು ತೀರ ಇತ್ತೀಚೆಗೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಈ ತೀರ್ಪಿಗೆ ದಾರಿಯಾದ, ಆಧಾರ್ ಯೋಜನೆಯನ್ನು ಪ್ರಶ್ನಿಸುವ ಅರ್ಜಿಯನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ದೇಶದ ಖಾಸಗಿತನದ ಕಾನೂನು ಇಂದು ಒಬ್ಬ ಕನ್ನಡಿಗರ ಹೆಸರಿನಲ್ಲಿಯೇ ಗುರುತಾಗುತ್ತದೆ.

ವ್ಯಸನಮುಕ್ತಿಯ ಮಟ್ಟಿಗೆ ನೇರವಾಗಿ ಅನ್ವಯಿಸುವುದು 2017ರಲ್ಲಿಯೇ ಸಂಸತ್ತು ಅಂಗೀಕರಿಸಿ 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಈ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ಹಾಗಾಗಿ ಅಂಥವರನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವ ಕೇಂದ್ರವು ಮಾನಸಿಕ ಆರೋಗ್ಯ ಸಂಸ್ಥೆಯಾಗುತ್ತದೆ, ಅದು ನೋಂದಣಿಯಾಗಬೇಕಾಗುತ್ತದೆ, ಮತ್ತು ಅಲ್ಲಿ ಸೇರಿದವನಿಗೆ ಕಾಯ್ದೆಯ ಎಲ್ಲ ಹಕ್ಕುಗಳೂ ದೊರೆಯುತ್ತವೆ. ಇದರಲ್ಲೊಂದು ಇಕ್ಕಟ್ಟಿದೆ. ಕುಡುಕನೆಂಬ ಹೆಸರಿಗೆ ಒಗ್ಗಿಕೊಂಡ ಮನೆಯವರು ಮಾನಸಿಕ ರೋಗಿಯೆಂಬ ಹೆಸರಿಗೆ ಹೆದರುತ್ತಾರೆ, ಆದರೆ ಹಕ್ಕುಗಳೆಲ್ಲ ಬರುವುದು ಆ ಹೆಸರಿನ ಮೂಲಕವೇ. ಶಾಸನ ರಚಿಸಿದವರಿಗೂ ಇದರ ಅರಿವಿತ್ತೆಂದು ತೋರುತ್ತದೆ: ಒಬ್ಬನಿಗೆ ಮಾನಸಿಕ ಕಾಯಿಲೆಯಿದೆಯೆಂದು ವೈದ್ಯರು ನಿರ್ಧರಿಸಿದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಅವನನ್ನು ಬುದ್ಧಿಭ್ರಮಣೆಯಾದವನೆಂದು ತಿಳಿಯಬಾರದೆಂದು ಮೂರನೆಯ ಕಲಮು ಹೇಳುತ್ತದೆ. ತೋಟದ ಹಿಸ್ಸೆಯ ತಕರಾರುಗಳಲ್ಲಿ ಆಸ್ಪತ್ರೆಯ ಚೀಟಿಯೊಂದು ಆಯುಧವಾಗಬಹುದಾದ ಸೀಮೆಯಲ್ಲಿ ಈ ಸಾಲಿಗೆ ಬೆಲೆಯಿದೆ.

ಗೋಪ್ಯತೆಯ ವಿಧಿ ಇರುವುದು ಇಪ್ಪತ್ತಮೂರನೆಯ ಕಲಮಿನಲ್ಲಿ. ರೋಗಿಯ ಮಾನಸಿಕ ಆರೋಗ್ಯ, ಚಿಕಿತ್ಸೆ ಮತ್ತು ದೈಹಿಕ ಆರೋಗ್ಯದ ಬಗೆಗಿನ ಮಾಹಿತಿಯನ್ನು ಆರೈಕೆ ನೀಡುವ ಎಲ್ಲ ಆರೋಗ್ಯ ವೃತ್ತಿಪರರೂ ಗುಟ್ಟಾಗಿಡಬೇಕು. ಇಪ್ಪತ್ತನಾಲ್ಕನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗಿಯ ಒಪ್ಪಿಗೆಯಿಲ್ಲದೆ ಅವನ ಛಾಯಾಚಿತ್ರವನ್ನಾಗಲಿ ಇತರ ಮಾಹಿತಿಯನ್ನಾಗಲಿ ಮಾಧ್ಯಮಗಳಿಗೆ ಕೊಡಬಾರದೆಂದೂ, ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಇದೇ ರಕ್ಷಣೆಯಿದೆಯೆಂದೂ ಹೇಳುತ್ತದೆ. ವಿನಾಯಿತಿಗಳು ಬೆರಳೆಣಿಕೆಯವು: ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ಅವನ ಕರ್ತವ್ಯಕ್ಕೆ ಬೇಕಾದಷ್ಟನ್ನು, ಚಿಕಿತ್ಸೆಯಲ್ಲಿ ತೊಡಗಿದ ಇತರ ವೈದ್ಯರಿಗೆ ಅಗತ್ಯವಾದಷ್ಟನ್ನು ತಿಳಿಸಬಹುದು, ಮತ್ತೊಬ್ಬರಿಗೆ ಹಿಂಸೆಯಾಗುವ ಅಥವಾ ಪ್ರಾಣಕ್ಕೆ ಕುತ್ತು ಬರುವ ಸಂಭವವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಬಹುದು, ಇದೇ ಕಾಯ್ದೆಯಡಿ ರಚಿತವಾಗುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ, ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳು ಅಥವಾ ಸಕ್ಷಮ ಶಾಸನಬದ್ಧ ಪ್ರಾಧಿಕಾರದ ಆದೇಶವಿದ್ದರೆ, ಇಲ್ಲವೇ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಬಿಡುಗಡೆ ಮಾಡಬಹುದು. ಈ ಪಟ್ಟಿಯಲ್ಲಿ ಊರಿನ ಮುಖಂಡರಿಲ್ಲ, ಕೆಲಸ ಕೊಟ್ಟವರಿಲ್ಲ, ಸಾಲ ಕೊಟ್ಟ ಸೊಸೈಟಿಯವರಿಲ್ಲ, ಹೆಣ್ಣು ಕೊಡಲು ವಿಚಾರಿಸುತ್ತಿರುವವರೂ ಇಲ್ಲ. ಸೂಕ್ಷ್ಮವಾಗಿ ಓದಿದರೆ ಮನೆಯವರೂ ಇಲ್ಲ.

ಈ ಕೊನೆಯ ಮಾತನ್ನು ಜೀರ್ಣಿಸಿಕೊಳ್ಳುವುದು ಈ ಭಾಗದ ಕುಟುಂಬಗಳಿಗೆ ಕಷ್ಟ. ಕೇಂದ್ರಕ್ಕೆ ಸೇರಿಸುವವರು ಅಣ್ಣತಮ್ಮಂದಿರು, ಹಣ ಕಟ್ಟುವವನು ಮನೆಯ ಯಜಮಾನ, ದಿನಕ್ಕೆರಡು ಸಲ ಫೋನು ಮಾಡಿ ‘ಹೇಗಿದ್ದಾನೆ, ಏನು ಹೇಳಿದ’ ಎಂದು ಕೇಳುವವನು ಸೋದರಮಾವ. ಇವರೆಲ್ಲರ ಕಾಳಜಿ ನಿಜವಾದದ್ದೇ. ಆದರೆ ಕಾಯ್ದೆ ಗುರುತಿಸುವುದು ನಾಮನಿರ್ದೇಶಿತ ಪ್ರತಿನಿಧಿಯೆಂಬ ಒಬ್ಬನನ್ನು, ಅಂದರೆ ತಾನು ನಿರ್ಧರಿಸಲಾಗದ ಸ್ಥಿತಿಯಲ್ಲಿ ತನ್ನ ಪರವಾಗಿ ನಿಲ್ಲಲಿ ಎಂದು ರೋಗಿಯೇ ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಹಾಕಿ ಹೆಸರಿಸಿದ ವಯಸ್ಕನನ್ನು. ಆತ ಬಂಧುವೇ ಆಗಬೇಕೆಂದಿಲ್ಲ, ಸ್ನೇಹಿತನೂ ಆಗಬಹುದು. ರೋಗಿ ಯಾರನ್ನೂ ಹೆಸರಿಸದಿದ್ದಾಗ ಮಾತ್ರ ಬಂಧು, ಆಮೇಲೆ ಆರೈಕೆ ಮಾಡುವವನು, ಹೀಗೆ ಕಾಯ್ದೆಯ ಕ್ರಮ ಮುಂದುವರಿಯುತ್ತದೆ. ಹಣ ಕಟ್ಟಿದ ರಸೀದಿಯಿಂದ ಕಡತ ಓದುವ ಹಕ್ಕು ಹುಟ್ಟುವುದಿಲ್ಲ. ಆಪ್ತಸಮಾಲೋಚನೆಯ ಕೋಣೆಯಲ್ಲಿ ಒಬ್ಬನು ತನ್ನ ಕುಡಿತದ ಹಿಂದಿನ ಕಾರಣಗಳನ್ನು, ಅವುಗಳಲ್ಲಿ ಅನೇಕ ವೇಳೆ ಅದೇ ಯಜಮಾನನ ಅಥವಾ ಅದೇ ಅಣ್ಣನ ನಡತೆಯೂ ಸೇರಿರುವುದುಂಟು, ಬಿಚ್ಚಿ ಹೇಳಬೇಕಾದರೆ ಆ ಮಾತು ಸಂಜೆಯ ಫೋನಿನಲ್ಲಿ ಮನೆ ಸೇರುವುದಿಲ್ಲವೆಂಬ ನಂಬಿಕೆ ಅವನಿಗಿರಬೇಕು. ಒಳ್ಳೆಯ ಕೇಂದ್ರಗಳು ಮೊದಲ ದಿನವೇ ಮನೆಯವರನ್ನೂ ರೋಗಿಯನ್ನೂ ಜೊತೆಗೆ ಕೂರಿಸಿ, ಯಾವ ಸಂಗತಿ ಯಾರಿಗೆ ತಿಳಿಸಬಹುದೆಂದು ಬರೆಸಿಕೊಳ್ಳುತ್ತವೆ. ಹೀಗೆ ಮಾಡಿದರೆ ಕಾನೂನಿನ ಕಠಿಣತೆ ಮನೆಯವರಿಗೆ ಅವಮಾನವಾಗಿ ಕಾಣುವುದಿಲ್ಲ.

ಮದುವೆಯ ವಿಚಾರಣೆಯದು ಬೇರೆಯದೇ ತೂಕ. ಅಡಿಕೆ ತೋಟದ ಮನೆಗಳ ಗಂಡುಗಳಿಗೆ ಹೆಣ್ಣು ಸಿಗುವುದೇ ದುಸ್ತರವಾಗಿರುವ ಈ ಕಾಲದಲ್ಲಿ, ಹುಡುಗ ಒಮ್ಮೆ ವ್ಯಸನಮುಕ್ತಿ ಕೇಂದ್ರದಲ್ಲಿದ್ದನೆಂಬ ಒಂದು ಮಾತು ಸಂಬಂಧವನ್ನು ಮುರಿಯಬಲ್ಲದು. ಇನ್ನೊಂದೆಡೆ, ಹೆಣ್ಣು ಕೊಡುವವರಿಗೆ ಅದನ್ನು ತಿಳಿಯುವ ಹಕ್ಕಿಲ್ಲವೆ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ತಿಕ್ಕಾಟ ಬಂದಿತ್ತು. ಆಸ್ಪತ್ರೆಯೊಂದು ತನ್ನ ಎಚ್‌ಐವಿ ಸೋಂಕಿನ ವಿಷಯವನ್ನು ಹೊರಗೆ ಬಿಟ್ಟದ್ದರಿಂದ ಮದುವೆ ಮುರಿಯಿತೆಂದು ದೂರಿದ ವ್ಯಕ್ತಿಗೆ, ಗೋಪ್ಯತೆಯ ಹಕ್ಕು ಸಂಪೂರ್ಣವಾದದ್ದಲ್ಲ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕು ಅದಕ್ಕಿಂತ ಮಿಗಿಲು ಎಂದು ನ್ಯಾಯಾಲಯ ಹೇಳಿತು. ಆದರೆ ಕುಡಿತ ಅಂಟುವ ಸೋಂಕಲ್ಲ, ಆ ತೀರ್ಪನ್ನು ಇಲ್ಲಿಗೆ ಹಾಗೆಯೇ ಎಳೆದು ತರಲಾಗದು. ಸತ್ಯ ಹೇಳುವ ಹೊಣೆ ಮದುವೆಯಾಗುವವನದು, ಅವನ ಮನೆಯವರದು. ಆ ಹೊಣೆಯನ್ನು ಅವರು ತಪ್ಪಿಸಿಕೊಂಡರೆಂದು ಕೇಂದ್ರದ ಗುಮಾಸ್ತ ಅದನ್ನು ತನ್ನ ತಲೆಗೆ ಎತ್ತಿಕೊಳ್ಳುವಂತಿಲ್ಲ.

ಗುಟ್ಟನ್ನು ಕಾಯುವ ಉದ್ದೇಶ ಸತ್ಯವನ್ನು ಹೂಳುವುದಲ್ಲ, ಹೇಳಬೇಕಾದವರ ಬಳಿ ಅದನ್ನು ಹೇಳಿಸುವುದು ಎಂಬುದಕ್ಕೆ ಈ ಸೀಮೆಯ ಅಡಿಕೆ ಮರದಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಕೊನೆಗೌಡರು, ಅಂದರೆ ಅಡಿಕೆ ಮರವೇರಿ ಕೊನೆ ಇಳಿಸುವ ಕುಶಲ ಕೆಲಸಗಾರರು, ತೋಟದ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯ ಹೊರುವವರು. ಅಂಥವನೊಬ್ಬ ಮರದಿಂದ ಬಿದ್ದು ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ತಾನು ದಿನವೂ ಕುಡಿಯುವವನೆಂದು ಹೇಳಿದರೆ ಮುಂದಿನ ಸುಗ್ಗಿಗೆ ಯಾರೂ ಕರೆಯಲಾರರೆಂಬ ಭಯದಿಂದ ಅವನೂ ಅವನ ಮನೆಯವರೂ ಸುಮ್ಮನಿದ್ದುಬಿಡುವ ಸಾಧ್ಯತೆಯಿದೆ. ಆದರೆ ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ನಡುಕ, ಭ್ರಮೆ ಮತ್ತು ದಿಕ್ಕು ತಪ್ಪಿದ ಮಾತುಗಳಿಂದ ಕೂಡಿದ ಸನ್ನಿಯ ಸ್ಥಿತಿ ಬರಬಹುದು, ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣಕ್ಕೂ ಮುಳುವಾಗಬಹುದು. ಮೊದಲೇ ತಿಳಿದಿದ್ದರೆ ಕೆಲವು ಮಾತ್ರೆಗಳಿಂದ ತಡೆಯಬಹುದಾದ ಅಪಾಯವಿದು. ಎಲುಬಿನ ವೈದ್ಯರಿಗೆ ಹೇಳಿದ್ದು ತೋಟದ ಒಡೆಯನ ಕಿವಿಗೆ ಬೀಳುವುದಿಲ್ಲವೆಂದು ಖಾತ್ರಿಯಿದ್ದರೆ ತಾನೆ ಅವನು ಬಾಯಿಬಿಡುವುದು.

ಇದಕ್ಕೆ ತದ್ವಿರುದ್ಧವಾದ ಗುಟ್ಟೂ ಒಂದಿದೆ, ರೋಗಿಯಿಂದಲೇ ಮುಚ್ಚಿಟ್ಟ ಚಿಕಿತ್ಸೆ. ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’ ಎಂಬ ಜಾಹೀರಾತುಗಳು ಬಸ್ಸುಗಳಲ್ಲಿ, ಗೋಡೆಗಳ ಮೇಲೆ ರಾಜ್ಯದ ಎಲ್ಲೆಡೆ ಕಾಣಸಿಗುತ್ತವೆ, ಸಾರಿನಲ್ಲೋ ಚಹದಲ್ಲೋ ಪುಡಿ ಬೆರೆಸುವ ಪದ್ಧತಿ ಅನೇಕ ಮನೆಗಳಿಗೆ ಗೊತ್ತು. ವೈದ್ಯರು ಬಳಸುವ ಡೈಸಲ್ಫಿರಾಮ್ ಎಂಬ ಔಷಧಿ ದೇಹದಲ್ಲಿ ಮದ್ಯದ ವಿಭಜನೆಯನ್ನು ನಡುವಿನಲ್ಲೇ ತಡೆದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಶೇಖರವಾಗುವಂತೆ ಮಾಡುತ್ತದೆ. ಅದನ್ನು ತಿಳಿದು ನುಂಗಿದವನು ಕುಡಿಯಲು ಹೆದರುತ್ತಾನೆ, ತಿಳಿಯದೆ ನುಂಗಿದವನು ಎಂದಿನಂತೆ ಕುಡಿದು ಎದೆಬಡಿತ ಏರಿ, ರಕ್ತದ ಒತ್ತಡ ಕುಸಿದು ಬೀಳುತ್ತಾನೆ, ಹೃದ್ರೋಗವಿದ್ದರೆ ಸಾಯಲೂಬಹುದು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೋಗಿಗೆ ಸಾಕಷ್ಟು ವಿವರಣೆ ಕೊಟ್ಟು ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸ್ಪಷ್ಟಪಡಿಸಿದೆ. ತನ್ನ ಚಿಕಿತ್ಸೆಯ ವಿಷಯವನ್ನು ತಾನು ತಿಳಿಯುವುದೂ ಮಾಹಿತಿಯ ಹಕ್ಕಿನ ಭಾಗವೇ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೇಂದ್ರದೊಳಗೆ ಕೊಡುವ ಉಳಿದ ಹಕ್ಕುಗಳೂ ಇದರೊಂದಿಗೆ ಹೆಣೆದುಕೊಂಡಿವೆ. ತಾನಾಗಿ ಸೇರಿದವನು ಬಿಡುಗಡೆ ಕೇಳಿದರೆ ಬಿಡಬೇಕು, ಪರೀಕ್ಷೆಗಾಗಿ ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆ ತಡೆಯಬಹುದು; ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಮತ್ತು ಅದು ಮೊದಲಿಗೆ ಮೂವತ್ತು ದಿನಗಳನ್ನು ಮೀರಬಾರದು. ಅಂಥ ಸೇರ್ಪಡೆಯನ್ನು ಪುನರ್ವಿಮರ್ಶಾ ಮಂಡಳಿಗೆ ಏಳು ದಿನಗಳಲ್ಲಿ, ಹೆಂಗಸರು ಮತ್ತು ಅಪ್ರಾಪ್ತರ ವಿಷಯದಲ್ಲಿ ಮೂರು ದಿನಗಳಲ್ಲಿ ತಿಳಿಸಬೇಕು. ತಲೆ ಬೋಳಿಸುವುದು, ಸಮವಸ್ತ್ರ ಹಾಕಿಸುವುದು, ಒತ್ತಾಯದಿಂದ ಕೆಲಸ ಮಾಡಿಸುವುದು ಸಲ್ಲವು. ಸರಪಳಿಯಿಂದ ಕಟ್ಟುವುದಂತೂ ಯಾವ ರೀತಿಯಲ್ಲಿಯೂ ನಿಷಿದ್ಧ. ಫೋನು ಕಸಿದುಕೊಂಡು ತಿಂಗಳುಗಟ್ಟಲೆ ಹೊರಸಂಪರ್ಕ ತಪ್ಪಿಸುವುದನ್ನು ಶಿಸ್ತೆಂದು ತಿಳಿದ ಖಾಸಗಿ ಕೇಂದ್ರಗಳು ದೇಶದಲ್ಲಿ ಕಡಿಮೆಯಿಲ್ಲ, ಆದರೆ ಸಕಾಲದಲ್ಲಿ ಫೋನು ಮಾಡುವ, ಪತ್ರ ಬರೆಯುವ, ಭೇಟಿಯನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕನ್ನು ಇಪ್ಪತ್ತಾರನೆಯ ಕಲಮು ರೋಗಿಗೇ ಕೊಟ್ಟಿದೆ. ತನ್ನ ಮೂಲಭೂತ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕೂ ಅವನಿಗಿದೆ. ಅವನ ಮನಸ್ಸಿಗೆ ತೀವ್ರ ಹಾನಿಯಾಗುವ ಅಥವಾ ಇತರರಿಗೆ ಕೇಡಾಗುವ ಸಂಭವವಿರುವ ಭಾಗವನ್ನು ವೈದ್ಯರು ತಡೆಹಿಡಿಯಬಹುದು, ಆದರೆ ತಡೆಹಿಡಿದಿದ್ದೇವೆಂದೂ ಅದರ ವಿರುದ್ಧ ಮಂಡಳಿಗೆ ಹೋಗಬಹುದೆಂದೂ ತಿಳಿಸಲೇಬೇಕು. ವೈದ್ಯರ ವೃತ್ತಿನಡತೆಯ 2002ರ ನಿಯಮಗಳು ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕೆಂದೂ, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದೂ ವಿಧಿಸಿವೆ.

ಗಾಂಜಾದಂಥ ಕಾನೂನುಬಾಹಿರ ವಸ್ತುಗಳ ವಿಷಯದಲ್ಲಿ ಭಯದ ಮುಖ ಪೊಲೀಸರದು. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರ್ಕಾರದಿಂದ ನಡೆಯುವ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರೈಸಿದರೆ ಆ ಅಪರಾಧದ ಮೊಕದ್ದಮೆಯಿಂದ ರಕ್ಷಣೆ ಪಡೆಯುತ್ತಾನೆ. ಅಮೆರಿಕವು ಇದೇ ಭಯವನ್ನು ಬೇರೆ ದಾರಿಯಿಂದ ಎದುರಿಸಿತು: ಚಿಕಿತ್ಸೆಗೆ ಬಂದವನ ಕಡತವೇ ಅವನ ವಿರುದ್ಧ ಸಾಕ್ಷಿಯಾಗುವುದಾದರೆ ಯಾರೂ ಬರಲಾರರೆಂದು ತಿಳಿದು 1970 ಮತ್ತು 1972ರ ಶಾಸನಗಳ ಮೂಲಕ ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಇತರ ರೋಗಗಳ ದಾಖಲೆಗಳಿಗಿಂತ ಬಿಗಿಯಾದ ರಕ್ಷಣೆ ಒದಗಿಸಿತು. ಭಾರತ ಅಂಥ ಪ್ರತ್ಯೇಕ ಬೇಲಿ ಹಾಕದೆ ವ್ಯಸನವನ್ನು ಮಾನಸಿಕ ಆರೋಗ್ಯದ ಅಂಗಳದೊಳಗೇ ಸೇರಿಸಿಕೊಂಡಿದೆ.

ಇಷ್ಟೆಲ್ಲ ಗುಟ್ಟಿನ ಪರವಾಗಿ ಹೇಳಿದ ಮೇಲೆ, ಗುಟ್ಟನ್ನು ಬಿಟ್ಟುಕೊಡುವುದೇ ಚಿಕಿತ್ಸೆಯಾಗಿರುವ ಒಂದು ದೊಡ್ಡ ಪ್ರಯೋಗ ಕರ್ನಾಟಕದಲ್ಲಿ ದಶಕಗಳಿಂದ ನಡೆದಿದೆಯೆಂಬುದನ್ನು ಮರೆಯುವಂತಿಲ್ಲ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರೊಡನೆ ಕೆಲಸ ಮಾಡುವ ಜನಜಾಗೃತಿ ವೇದಿಕೆಗಳು ಉತ್ತರ ಕನ್ನಡವೂ ಸೇರಿದಂತೆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿವೆ. ಊರಿನ ಸಭಾಭವನದಲ್ಲೋ ದೇವಸ್ಥಾನದ ಕಟ್ಟಡದಲ್ಲೋ ಸುಮಾರು ಒಂದು ವಾರ ಒಟ್ಟಿಗೆ ಉಳಿದು, ಯೋಗ, ಭಜನೆ, ಸಮಾಲೋಚನೆಗಳಲ್ಲಿ ತೊಡಗಿ, ಮನೆಯವರನ್ನು ಶಿಬಿರಕ್ಕೆ ಕರೆಸಿಕೊಂಡು, ಕೊನೆಗೆ ಗಣ್ಯರ ಸಮ್ಮುಖದಲ್ಲಿ ಪ್ರತಿಜ್ಞೆ ಮಾಡಿ ಹೊರಬರುವ ಶಿಬಿರಾರ್ಥಿಗಳು ನವಜೀವನ ಸಮಿತಿಯ ಸದಸ್ಯರಾಗಿ ಮತ್ತೆಮತ್ತೆ ಸೇರುತ್ತಾರೆ. ಇಲ್ಲಿ ಊರೇ ಸಾಕ್ಷಿ, ಊರೇ ಕಾವಲು. ಚಟವೆಂದು ಬಯಲಿನಲ್ಲಿದ್ದದ್ದನ್ನು ಬಯಲಿನಲ್ಲಿಯೇ ಬಿಡಿಸುವ ಈ ಕ್ರಮದಲ್ಲಿ ‘ತಲೆಯ ಕಾಯಿಲೆ’ಯೆಂಬ ಹೆಸರೇ ಬರುವುದಿಲ್ಲ, ಬಹುಶಃ ಅದರ ಜನಪ್ರಿಯತೆಯ ಒಂದು ಕಾರಣವೂ ಇದೇ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆಯೂ ಗುಂಪಿನ ಬಲವನ್ನೇ ನಂಬಿದ್ದು. ಆದರೆ ಅದು ಹೆಸರಿನಲ್ಲಿಯೇ ಅನಾಮಿಕತೆಯನ್ನು ಇಟ್ಟುಕೊಂಡು, ಸದಸ್ಯರ ಪೂರ್ಣ ಹೆಸರು ಮತ್ತು ಚಿತ್ರ ಪತ್ರಿಕೆಗಳಿಗೆ ಹೋಗಬಾರದೆಂಬ ಸಂಪ್ರದಾಯವನ್ನು ಕಟ್ಟಿಕೊಂಡಿತು.

ಎರಡೂ ದಾರಿಗಳಲ್ಲಿ ಗುಣವಾದವರಿದ್ದಾರೆ, ಹಾಗಾಗಿ ಒಂದನ್ನು ಹಿಡಿದು ಇನ್ನೊಂದನ್ನು ಹಳಿಯುವುದು ಸರಿಯಲ್ಲ. ಪ್ರಶ್ನೆ ಇರುವುದು ಒಪ್ಪಿಗೆಯಲ್ಲಿ. ಪ್ರತಿಜ್ಞೆಯ ವೇದಿಕೆಯ ಮೇಲೆ ನಿಲ್ಲುವವನು ಮರುದಿನ ಪತ್ರಿಕೆಯಲ್ಲಿ ತನ್ನ ಚಿತ್ರ ಬರುವುದನ್ನೂ, ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದನ್ನೂ, ಹತ್ತು ವರ್ಷಗಳ ನಂತರ ಮಗಳ ಮದುವೆಯ ಹೊತ್ತಿಗೆ ಯಾರೋ ಅದನ್ನು ಹೊರಗೆಳೆಯಬಹುದೆಂಬುದನ್ನೂ ಯೋಚಿಸಿ ಒಪ್ಪಿದ್ದಾನೆಯೇ ಎಂದು ಶಿಬಿರ ನಡೆಸುವ ಯಾರೇ ಆದರೂ ಕೇಳಿಕೊಳ್ಳಬೇಕಾಗುತ್ತದೆ. ಶಿಬಿರವೊಂದು ಕಾಯ್ದೆಯ ಅರ್ಥದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯೇ ಎಂಬುದು ವಕೀಲರ ವಾದಕ್ಕೆ ಬಿಟ್ಟದ್ದು. ಗುಂಪಿನ ನಡುವೆ ಕೂತವನಿಗೆ ‘ಚಿತ್ರ ಬೇಡ’ ಎನ್ನುವ ಧೈರ್ಯ ಸುಲಭವಾಗಿ ಬರುವುದಿಲ್ಲವೆಂಬುದು ಮಾತ್ರ ವಾದಕ್ಕೆ ಸಿಗದ ಸಂಗತಿ. ಹೆಂಗಸರ ಸ್ಥಿತಿ ಇನ್ನೂ ಕಠಿಣ: ಕುಡಿತ ಅಥವಾ ನಿದ್ರೆಮಾತ್ರೆಗಳಿಗೆ ದಾಸಳಾದ ಹೆಂಗಸಿಗೆ ಈ ವೇದಿಕೆ ಹತ್ತುವುದು ಯೋಚನೆಗೂ ಮೀರಿದ್ದು, ಆದ್ದರಿಂದ ಅವಳಿಗೆ ಗುಟ್ಟಿನ ಚಿಕಿತ್ಸೆಯೊಂದೇ ದಾರಿ.

ಹೆಸರನ್ನು ಮರೆಮಾಡಿದರೆ ಸಾಕೆಂಬ ತಿಳಿವಳಿಕೆ ಸಣ್ಣ ಊರುಗಳಲ್ಲಿ ಎಷ್ಟು ದುರ್ಬಲವೆಂಬುದನ್ನು ಕೋವಿಡ್ ಕಾಲ ಎಲ್ಲರಿಗೂ ತೋರಿಸಿದೆ. 2020ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳನ್ನು ಜಾಲತಾಣದಲ್ಲಿ ಪ್ರಕಟಿಸಿತ್ತು. ದೈನಂದಿನ ಪ್ರಕಟಣೆಗಳಲ್ಲಿ ಸೋಂಕಿತರಿಗೆ ಹೆಸರಿನ ಬದಲು ‘ಪಿ’ ಅಕ್ಷರದ ಸಂಖ್ಯೆ ಕೊಟ್ಟು, ಜೊತೆಗೆ ವಯಸ್ಸು, ಲಿಂಗ, ಊರು, ಸೋಂಕಿನ ಮೂಲಗಳನ್ನು ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಆ ಸಂಖ್ಯೆ ಸಂಖ್ಯೆಯಾಗಿಯೇ ಉಳಿಯಬಹುದು, ಆದರೆ ಇನ್ನೂರು ಮನೆಗಳ ಹಳ್ಳಿಯಲ್ಲಿ ವಯಸ್ಸು ಹೇಳಿದರೆ ಹೆಸರು ಹೇಳಿದಂತೆಯೇ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಮತ್ತೆ ಕಾಣಿಸಿಕೊಂಡಾಗ ಯಾವ ಕಾಡಿನ ಅಂಚಿನಲ್ಲಿ ಆ ರೋಗ ಹರಡುವ ಉಣುಗಿನ ಅಪಾಯವಿದೆಯೆಂದು ಸಾರ್ವಜನಿಕರಿಗೆ ತಿಳಿಸುವುದು ಅಗತ್ಯವಾಗಿತ್ತು, ಆದ್ದರಿಂದ ಊರಿನ ಹೆಸರಿಗೆ ಅಲ್ಲಿ ಸಮರ್ಥನೆಯಿತ್ತು. ಕುಡಿತ ಬಿಡಿಸಿಕೊಂಡವನ ಊರನ್ನು ಹೇಳುವುದಕ್ಕೆ ಅಂಥ ಯಾವ ಸಮರ್ಥನೆಯೂ ಇಲ್ಲ. ಯಲ್ಲಾಪುರ ಸೀಮೆಯ ಸಿದ್ದಿ ಸಮುದಾಯದಂಥ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ, ಅಲ್ಪಸಂಖ್ಯೆಯ ಜನರ ವಿಷಯದಲ್ಲಂತೂ ಸಮುದಾಯದ ಹೆಸರು, ವಯಸ್ಸು, ಹಾಡಿಯ ಹೆಸರು ಮೂರೂ ಸೇರಿದರೆ ವರದಿಯ ‘ಅನಾಮಿಕ’ನು ಯಾರೆಂದು ಇಡೀ ಹಾಡಿಗೆ ತಿಳಿಯುತ್ತದೆ, ಮತ್ತು ಒಬ್ಬನ ಕಾಯಿಲೆಯನ್ನು ಜನಾಂಗದ ಸ್ವಭಾವವೆಂದು ಓದುವ ಹಳೆಯ ಚಾಳಿಗೆ ಇನ್ನೊಂದು ಪುರಾವೆ ಸಿಕ್ಕಂತಾಗುತ್ತದೆ.

ಕಂಪ್ಯೂಟರಿಗೆ ಸೇರಿದ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ; ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿದೆಯೋ ಅದಕ್ಕೇ ಬಳಸಬೇಕು, ಸೋರಿಕೆಯಾದರೆ ತಿಳಿಸಬೇಕು ಎಂಬುದು ಅದರ ತಿರುಳು. ಆದರೆ ಆರೋಗ್ಯದ ಮಾಹಿತಿಯನ್ನು ಪ್ರತ್ಯೇಕ ಸೂಕ್ಷ್ಮ ವರ್ಗವೆಂದು ಅದು ಎಣಿಸಿಲ್ಲ. ತಾಲ್ಲೂಕು ಪೇಟೆಯ ಮಟ್ಟದಲ್ಲಿ ಅದಕ್ಕಿಂತ ಮುಖ್ಯವಾದದ್ದು ಸಣ್ಣ ಸಂಗತಿಗಳು: ಮರುಭೇಟಿಯನ್ನು ನೆನಪಿಸಲು ಕೇಂದ್ರ ಯಾವ ಸಂಖ್ಯೆಗೆ ಫೋನು ಮಾಡುತ್ತದೆ, ಮನೆಯಲ್ಲಿ ಬೇರೆಯವರು ಎತ್ತಿದರೆ ಏನು ಹೇಳುತ್ತದೆ, ಲಕೋಟೆಯ ಮೇಲೆ ಏನು ಅಚ್ಚಾಗಿದೆ, ಕರೆದೊಯ್ಯಲು ಬರುವ ವಾಹನದ ಮೇಲೆ ಹೆಸರು ಎಷ್ಟು ದೊಡ್ಡ ಅಕ್ಷರಗಳಲ್ಲಿದೆ. ಔಷಧಿ ಅಂಗಡಿಯಲ್ಲಿ ಮಾತ್ರೆಯ ಹೆಸರನ್ನು ಗಟ್ಟಿಯಾಗಿ ಕೂಗಿ ಕೇಳುವ ಹುಡುಗನೊಬ್ಬ ಇಡೀ ಶಾಸನವನ್ನು ಒಂದೇ ಉಸಿರಿನಲ್ಲಿ ಅಳಿಸಿಹಾಕಬಲ್ಲ.

ಹಕ್ಕಿಗೆ ಚ್ಯುತಿ ಬಂದವನು ಮೊದಲು ಕೇಂದ್ರದ ಮುಖ್ಯಸ್ಥರಿಗೆ, ಆಮೇಲೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ, ಅಲ್ಲಿಂದ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಅವನಿಗೆ ಉಚಿತ ಕಾನೂನು ನೆರವೂ ಉಂಟು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಉಲ್ಲಂಘನೆಗೆ ಮೊದಲ ಸಲ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಂತೆ ದೂರು ಆಲಿಸಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆದರೆ ಗುಟ್ಟು ಒಡೆದ ಮೇಲೆ ದೂರು ಕೊಡುವುದೆಂದರೆ ಒಡೆದ ಗುಟ್ಟನ್ನು ಇನ್ನೂ ಹತ್ತು ಜನರ ಮುಂದೆ ಓದಿ ಹೇಳಿದಂತೆ. ಈ ಒಂದು ಕಾರಣಕ್ಕೆ ಬರಬೇಕಾದ ದೂರುಗಳು ಬಾರದೇ ಹೋಗುವುದು ಅಚ್ಚರಿಯಲ್ಲ.

ಇರುವ ಸೌಲಭ್ಯಗಳ ವಿನ್ಯಾಸದಲ್ಲಿಯೇ ಗುಟ್ಟನ್ನು ಕೂಡಿಸುವುದು ಸಾಧ್ಯವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಲಭ್ಯರಾಗುವ ವ್ಯವಸ್ಥೆ ರೂಪುಗೊಂಡದ್ದು ಹತ್ತಿರದಲ್ಲೇ ಚಿಕಿತ್ಸೆ ಸಿಗಲೆಂದು. ಆದರೆ ಆ ದಿನ ಆ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತವರು ಯಾಕೆ ಕೂತಿದ್ದಾರೆಂದು ಜಗುಲಿಯಲ್ಲಿ ಹಾದುಹೋಗುವ ಯಾರಿಗಾದರೂ ತಿಳಿಯುತ್ತದೆ. ಅದೇ ಬೆಂಚಿನ ಮೇಲೆ ರಕ್ತದೊತ್ತಡದವರನ್ನೂ ಸಕ್ಕರೆ ಕಾಯಿಲೆಯವರನ್ನೂ ಕೂರಿಸಿದರೆ, ಹೆಸರು ಕೂಗುವ ಬದಲು ಚೀಟಿಯ ಸಂಖ್ಯೆ ಕೂಗಿದರೆ, ಹುಬ್ಬಳ್ಳಿಯ ಬಸ್ಸು ಹತ್ತುವವರಲ್ಲಿ ಕೆಲವರಾದರೂ ಊರಲ್ಲೇ ಉಳಿದಾರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಮುಖ ತೋರಿಸದೆ, ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಈ ಮೂರು ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮೊಬೈಲಿನ ಸಂಕೇತ ಸಿಗುವುದು ಮನೆಯೊಳಗಲ್ಲ, ಗುಡ್ಡದ ನೆತ್ತಿಯಲ್ಲಿ ಅಥವಾ ರಸ್ತೆಯ ಒಂದು ತಿರುವಿನಲ್ಲಿ, ಮತ್ತು ಸಂಜೆಯ ಹೊತ್ತು ಅಲ್ಲಿ ಫೋನು ಹಿಡಿದು ನಿಂತವರು ಹತ್ತಾರು ಜನ.